ತಾಯಿ ಬಾರದ ಮರಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಭಾಲ್ಕಿಯಲ್ಲಿದ್ದ ನನ್ನವ್ವ ದಿನಾ ಫೋನಿನಲ್ಲಿ ಹೇಳುತ್ತಿದ್ದಳು. ಮೂಗಿನ ತುದಿಯಲ್ಲೇ ಕೋಪವಿರುವ ಮಗಳಿಗೆ ಇನ್ನೇನು ಹೇಳಿಯಾಳು? ನಾನು ಕೇಳಲಿಲ್ಲ. ಬೀದರಿನಿಂದ ಔರಾದ, ಔರಾದದಿಂದ ಇನ್ನೊಂದು ಬಸ್ಸು, ಹೀಗೆ ಹೈರಾಣಾಗಿ ಶಾಲೆ ಮುಟ್ಟಿದ ಮೇಲೆ ಯಾರನ್ನಾದರೂ ಗದರದೆ ಈ ಟೀಚರಿಗೆ ಸಮಾಧಾನವಿರುತ್ತಿರಲಿಲ್ಲ.

ಹೆಚ್ಚು ಬೈಸಿಕೊಂಡವರು ಕುರಿ ಸಾಕುವ ಮನೆಯ ಅಕ್ಕ-ತಮ್ಮ. ಅವಳು ನಾಲ್ಕನೆಯ ತರಗತಿ, ಅವನು ಎರಡನೆಯದು. ಅಪ್ಪ-ಅವ್ವ ದೊಡ್ಡ ಹಿಂಡು ಹೊಡೆದುಕೊಂಡು ದೂರ ಹೋದಾಗ ಮನೆಯಲ್ಲುಳಿದ ಹತ್ತಿಪ್ಪತ್ತು ಕುರಿಗಳನ್ನು ಇವರೇ ಕಾಯುತ್ತಿದ್ದರು. ಶಾಲೆಗೆ ಚಕ್ಕರ್. ಏನೇನು ಹೇಳಿ ಹೆದರಿಸಿದ್ದೆನೋ, ನನಗೇ ನೆನಪಿರಲಿಲ್ಲ.

ಒಂದು ಸಂಜೆ ಕುರಿಗಳಷ್ಟೇ ಮನೆಗೆ ಬಂದವು, ಮಕ್ಕಳು ಬರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ನನಗೆ ಸುದ್ದಿ ತಿಳಿಯಿತು. ಅವರು ಕುರಿ ಮೇಯಿಸುವ ಕುರುಚಲು ಕಾಡಿನಲ್ಲಿ ತೋಳಗಳಿವೆ. ನಾನೇ ಪೊಲೀಸರಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಮಕ್ಕಳ ಮನೆಗೆ ಓಡಿದರೆ, ಅವರ ಅಜ್ಜ ಕುರಿದೊಡ್ಡಿಯಲ್ಲಿ ಕುಳಿತು ಒಂದೊಂದೇ ಮರಿಯನ್ನು ಅದರ ತಾಯಿಯ ಹತ್ತಿರ ಬಿಡುತ್ತಿದ್ದ. ನನ್ನ ಮೈ ಉರಿಯಿತು.

"ಮಕ್ಕಳಿಗಿಂತ ಕುರಿನೇ ಹೆಚ್ಚಾತೇನ್ರಿ ನಿಮಗ?"

"ಹಂಗಲ್ರಿ ಅಕ್ಕೋರ, ಈ ಮರಿದು ತಾಯಿ ಬಂದಿಲ್ಲ..."

ಅವನ ಮಾತು ಮುಗಿಯುವ ಮೊದಲೇ ನಾನು ಹೊರಟುಬಿಟ್ಟೆ.

ಮಕ್ಕಳಿಗೆ ಪರಿಚಯದ ದನಿ ಎಂದು ಪೊಲೀಸರು ಮೈಕನ್ನು ನನ್ನ ಕೈಗೇ ಕೊಟ್ಟರು. ಕತ್ತಲಾಗುವವರೆಗೂ ಇಬ್ಬರ ಹೆಸರು ಹಿಡಿದು ಕೂಗಿದೆ. ಗಂಟಲು ಹರಿಯಿತು, ಉತ್ತರ ಬರಲಿಲ್ಲ.

ಬೆಳಗಾದೊಡನೆ ಮತ್ತೆ ಹೊರಟಾಗ ಅಜ್ಜ ಅದೇ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ರಾತ್ರಿಯೆಲ್ಲ ಹಾಲಿಲ್ಲದೆ ಅದು ಒಂದೇ ಸಮನೆ ಅರಚುತ್ತಿತ್ತು.

"ಮೈಕ್ ಬಂದ್ ಮಾಡ್ರಿ ಅಕ್ಕೋರ. ಎಲ್ಲಾರೂ ಗಪ್ ನಿಂದರ್ರಿ. ಇದರ ತಾಯಿ ಎಲ್ಲಿ ಅದ, ಕೂಸುಗಳೂ ಅಲ್ಲೇ ಅವ. ಅದನ್ನ ಬಿಟ್ಟು ಬರಂಗಿಲ್ಲ ಅವು."

ನಿಂತೆವು. ಮರಿ ಕೂಗಿತು. ಸ್ವಲ್ಪ ಹೊತ್ತಿಗೆ ಹಳ್ಳದ ಕೊರಕಲಿನಿಂದ ತಾಯಿಕುರಿ ಓಗೊಟ್ಟಿತು. ಹಿಂದಿನ ಸಂಜೆ ನಾವು ಎರಡು ಸಲ ದಾಟಿ ಹೋಗಿದ್ದ ಕೊರಕಲು ಅದು!

ಜಾಲಿ ಕಂಟಿಯ ಕೆಳಗೆ, ಕಾಲು ಮುರಿದ ಕುರಿಗೆ ಒತ್ತಿಕೊಂಡು ಇಬ್ಬರೂ ಕುಳಿತಿದ್ದರು. ಅದರ ಹಾಲು ಕುಡಿದು, ಅದರ ಮೈಬಿಸಿಗೆ ಒರಗಿ ರಾತ್ರಿ ಕಳೆದಿದ್ದರು. ಅಪ್ಪಿಕೊಳ್ಳಲು ಓಡಿದೆ. ನನ್ನನ್ನು ಕಂಡದ್ದೇ ಹುಡುಗಿ ಹಿಂದೆ ಸರಿದು ತಮ್ಮನ ಬಾಯಿ ಮುಚ್ಚಿದಳು.

"ನಿನ್ನೆ ಅಷ್ಟು ಕೂಗಿದ್ನಲ್ಲವ್ವ, ಕೇಳಿಸಲಿಲ್ಲೇನು?"

"ಕೇಳಿಸ್ತರಿ," ಎಂದಳು. "ಅದಕ್ಕೇ ಕುರಿ ಬಾಯಿನೂ ಹಿಡಕೊಂಡು ಕುಂತಿದ್ವಿರಿ. ಸಾಲಿ ತಪ್ಪಿಸಿದ್ರ ಪೊಲೀಸರನ್ನ ಕರಕೊಂಡು ಬರ್ತೇನಿ ಅಂದಿದ್ರಿ. ಖರೇನೇ ಬಂದ್ರಿ."

ಆ ಕಾಡಿನಲ್ಲಿ ಅವರು ತೋಳಕ್ಕಿಂತ ನನಗೇ ಹೆಚ್ಚು ಹೆದರಿದ್ದರು.

ಅವಳು ನನ್ನ ಹಿಂದೆ ನಿಂತಿದ್ದ ಪೊಲೀಸರನ್ನು ನೋಡಿದಳು. ತಮ್ಮನನ್ನು ಬೆನ್ನ ಹಿಂದೆ ಸರಿಸಿ ಎದ್ದು ನಿಂತಳು.

"ನನಗ ಒಯ್ರಿ ಅಕ್ಕೋರ. ಇವನಿಗಿ ಬಿಡ್ರಿ, ಇನ್ನಾ ಸಣ್ಣಾಂವ ಇದ್ದಾನ."