ದೇವಿ ಆಡಿಸಿದ ಮಾತು

ನನ್ನ ಮಗಳು ಅನಘಾಳ ಅಪೆಂಡಿಕ್ಸ್ ಒಡೆದ ದಿನವೇ ನನ್ನ ಕೆಲಸವೂ ಹೋಯಿತು. ಆಮೇಲೆ ಏನಾಯಿತೆಂದು ದೇವಿಯನ್ನು ನಂಬಿದವರಿಗೆಲ್ಲ ತಿಳಿಸದೆ ಹೋದರೆ ನನಗೆ ಸಮಾಧಾನವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಈ ಪರದೇಶದಲ್ಲಿ, ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನು, ಮಗಳು ಇಬ್ಬರೇ. ಬೆಂಗಳೂರಿನ ವಸುಧಾ ಎಂಬವರು ಹತ್ತಿರದಲ್ಲೇ ನಡೆಸುವ ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ನಮ್ಮ ಶುಕ್ರವಾರದ ಭಜನೆಗೂ ಅವರೇ ಮುಂದು. ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಆಪರೇಷನ್ ಥಿಯೇಟರಿನ ಹೊರಗೆ ನಿಂತು ಫೋನ್ ಮಾಡಿದೆ. "ಅಕ್ಕಾ, ಅನಘಾಳನ್ನು ಒಳಗೆ ಕರ್ಕೊಂಡು ಹೋದ್ರು. ಇವತ್ತು ಬರ್ಲಿಕ್ಕೆ ಆಗುದಿಲ್ಲ."

"ಡಾಕ್ಟರ್ ಇದಾರಲ್ಲ ಅಲ್ಲಿ? ನೀನು ನಿಂತ್ಕೊಂಡು ಏನ್ ಮಾಡ್ತೀಯ? ಇವತ್ತು ಬರ್ಲಿಲ್ಲ ಅಂದ್ರೆ ಇನ್ಮೇಲೆ ಬರ್ಲೇಬೇಡ."

ಮಗಳು ಮನೆಗೆ ಬಂದ ಮೇಲೆ ರಾಜ್ಯದ ನಿರುದ್ಯೋಗ ಭತ್ಯೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆ. ವಾರವಾರವೂ ಕ್ಲೇಮ್ ಸಲ್ಲಿಸಬೇಕು, ಎಲ್ಲೆಲ್ಲಿ ಕೆಲಸ ಹುಡುಕಿದೆ ಎಂದು ತಿಳಿಸಬೇಕು. ಒಂದೂ ತಪ್ಪಿಸಲಿಲ್ಲ. ಆದರೂ ಸ್ಕ್ರೀನಿನ ಮೇಲೆ 'ಪರಿಶೀಲನೆಯಲ್ಲಿದೆ' ಎಂಬ ಮಾತು ಕದಲಲಿಲ್ಲ. ಫೋನ್ ಮಾಡಿದರೆ ಕಿವಿ ಬಿಸಿಯಾಗುವಷ್ಟು ಹೊತ್ತು ಸಂಗೀತ, ಆಮೇಲೆ ಲೈನ್ ಕಟ್. ಕೊನೆಗೆ ಅರ್ಜಿ ತಿರಸ್ಕೃತವಾಯಿತು. ನಾನಾಗಿಯೇ ಕೆಲಸ ಬಿಟ್ಟೆ ಎಂದು ವಸುಧಾ ತಿಳಿಸಿದ್ದರು.

ಭಜನೆಯಲ್ಲಿ ಆರತಿ ಮುಗಿದ ಮೇಲೆ, ನನಗೆ ಕೇಳಿಸುವ ಹಾಗೆಯೇ ಪಕ್ಕದವರಿಗೆ ಹೇಳಿದರು. "ಗವರ್ನಮೆಂಟ್ ದುಡ್ಡಲ್ಲಿ ಮನೇಲಿ ಆರಾಮಾಗಿ ಕೂರೋ ಪ್ಲ್ಯಾನು ಕಣ್ರೀ." ಮುಂದಿನ ವಾರದಿಂದ ನನ್ನ ಪಕ್ಕ ಯಾರೂ ಕೂರಲಿಲ್ಲ. ಕೆಲಸಕ್ಕೆ ಕರೆದಿದ್ದ ಇನ್ನೊಂದು ಡೇಕೇರ್‌ನವರೂ, "ವಸುಧಾ ಅವ್ರನ್ನ ಕೇಳಿದ್ವಿ, ಸಾರಿ" ಎಂದುಬಿಟ್ಟರು.

ಇದನ್ನೆಲ್ಲ ನುಂಗಿಕೊಂಡೇನು. ಆದರೆ ಒಂದು ದಿನ ತರಕಾರಿ ಅಂಗಡಿಯಲ್ಲಿ ಎದುರಾದ ವಸುಧಾ ಬಗ್ಗಿ ಅನಘಾಳ ಕೆನ್ನೆ ಸವರಿ, "ನಿನ್ ಹೊಟ್ಟೆನೋವಿಗೆ ಅಮ್ಮನ ಜಾಬ್ ಹೋಯ್ತು, ಅಲ್ವಾ ಪುಟ್ಟಾ?" ಎಂದರು. ನಗುತ್ತಲೇ ಹೇಳಿದರು.

ಅಲ್ಲಿಂದ ಮಗು ನೋವಿನ ಮಾತನ್ನೇ ಎತ್ತಲಿಲ್ಲ. ವಾಸಿಯಾಯಿತೆಂದು ನಾನು ನಂಬಿದ್ದೆ. ಒಗೆಯಲು ತೆಗೆದ ಅವಳ ಅಂಗಿಯಲ್ಲಿ ಕೀವಿನ ಕಲೆ ಕಂಡು ಓಡಿಹೋಗಿ ನೋಡಿದರೆ ಮೈ ಕೆಂಡವಾಗಿತ್ತು, ಹೊಲಿಗೆಯ ಜಾಗ ಬಾತು ಕೆಂಪಾಗಿತ್ತು.

"ಯಾಕೆ ಹೇಳ್ಲಿಲ್ಲ ಮಗಾ?"

"ಯೂ ಹ್ಯಾವ್ ಟು ಫೈಂಡ್ ಎ ಜಾಬ್, ಅಮ್ಮ."

ಮತ್ತೆ ಅದೇ ಆಸ್ಪತ್ರೆ. ಅವಳು ಮಲಗಿದ್ದ ಹಾಸಿಗೆಯ ಪಕ್ಕದಲ್ಲಿ ನಾನು ದೇವಿಯನ್ನು ಬೈದೆ, ನಿಜ ಹೇಳುತ್ತೇನೆ. "ಇಷ್ಟು ಸಣ್ಣ ಮಗುವಿಗೆ ನೋವು ಮುಚ್ಚಿಡ್ಲಿಕ್ಕೆ ಕಲಿಸಿದೆಯಲ್ಲ, ನೀನೂ ಒಬ್ಬಳು ತಾಯಿಯಾ?" ಎಂದೆ. ಬೈದು, ಅತ್ತು, ಆಮೇಲೆ ಬೇಡಿಕೊಂಡೆ. ಅರ್ಜಿ ತಿರಸ್ಕರಿಸಿದ್ದರ ವಿರುದ್ಧ ಮೇಲ್ಮನವಿ ಹಾಕಿದ್ದೆ. ಅದರ ವಿಚಾರಣೆ ಫೋನಿನಲ್ಲಿ ನಡೆಯುವುದಿತ್ತು. "ಅವತ್ತು ನನ್ನ ನಾಲಿಗೆಯ ಮೇಲೆ ಬಂದು ಕೂತ್ಕೋ, ತಾಯಿ."

ಅವತ್ತು ವಸುಧಾ ಫೋನಿನ ಸ್ಪೀಕರಿನಲ್ಲಿ ನನಗೆ 'ಬರ್ಲೇಬೇಡ' ಎಂದದ್ದನ್ನು ಡೇಕೇರ್‌ನಲ್ಲಿ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ತೆಲುಗಿನ ಸುನೀತಾ ಕೇಳಿಸಿಕೊಂಡಿದ್ದಳು. ಸಾಕ್ಷಿ ಹೇಳುತ್ತೇನೆಂದು ಮಾತೂ ಕೊಟ್ಟಿದ್ದಳು. ವಿಚಾರಣೆಯ ದಿನ ಅವಳು ಫೋನನ್ನೇ ಎತ್ತಲಿಲ್ಲ.

ನನಗೆ ಕನ್ನಡದ ದುಭಾಷಿಯೊಬ್ಬರನ್ನು ರಾಜ್ಯದವರೇ ಕೊಟ್ಟಿದ್ದರು. ನ್ಯಾಯಾಧೀಶರು ನಡೆದದ್ದನ್ನು ಹೇಳಿ ಎಂದಾಗ ನನ್ನ ಬಾಯಿಂದ ಅಳುವೊಂದು ಬಿಟ್ಟು ಬೇರೇನೂ ಬರಲಿಲ್ಲ. ದೇವಿಯೂ ಬರಲಿಲ್ಲ ಎಂದುಕೊಂಡೆ.

ನ್ಯಾಯಾಧೀಶರು ಅದೇ ಲೈನಿನಲ್ಲಿದ್ದ ವಸುಧಾ ಅವರನ್ನು ಕೇಳಿದರು. "ಕೆಲಸ ಬಿಡುತ್ತೇನೆ ಎಂದು ಅವರು ನಿಮಗೆ ಹೇಳಿದರೇ?"

ವಸುಧಾ ಇಂಗ್ಲಿಷಿನಲ್ಲಿ ಗಡುಸಾಗಿ ಉತ್ತರಿಸಿದರು. ದುಭಾಷಿ ಅದನ್ನು ಏರಿಳಿತವಿಲ್ಲದ ದನಿಯಲ್ಲಿ ಕನ್ನಡಕ್ಕೆ ತಂದರು. "ಹಾಗೆ ಹೇಳುವ ಧೈರ್ಯ ಅವಳಿಗೆಲ್ಲಿದೆ? ಬರಬೇಡ ಎಂದವಳು ನಾನು. ಮಗಳ ಹೊಟ್ಟೆನೋವನ್ನು ಕೆಲಸಕ್ಕಿಂತ ದೊಡ್ಡದು ಮಾಡುವವರು ನನಗೆ ಬೇಡ."

ಆ ಮಾತನ್ನು ಎರಡು ಸಲ ಕೇಳಬೇಕಾಯಿತು, ಒಮ್ಮೆ ಅವರ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ. ಮೊದಲ ಸಲ ಎದೆ ಒಡೆಯಿತು. ಎರಡನೆಯ ಸಲ ಮೈಯ ರೋಮವೆಲ್ಲ ನೆಟ್ಟಗಾಯಿತು. ನಾನು ಹೇಳಲಾಗದೆ ಹೋದದ್ದನ್ನು ಅವರೇ ಹೇಳಿದ್ದರು.

"ಅಂದರೆ ನೀವೇ ತೆಗೆದುಹಾಕಿದಿರಾ?"

"ಹೌದು, ನನ್ನ ಡೇಕೇರ್ ಅದು!"

ತೀರ್ಪು ನನ್ನ ಕಡೆಗಾಯಿತು. ತಡೆಹಿಡಿದಿದ್ದ ಭತ್ಯೆ ಬಂತು. ವಸುಧಾ ಇವತ್ತಿಗೂ ಒಂದು ಮಾತಿನ ಕ್ಷಮೆ ಕೇಳಿಲ್ಲ. ಭಜನೆಯಲ್ಲಿ ಈಗಲೂ ಅವರೇ ಮುಂದು. ನಾನು ಅಲ್ಲಿಗೆ ಹೋಗುವುದಿಲ್ಲ. ಒಳಗಿನ ಉರಿ ಪೂರ್ತಿ ಆರಿದೆ ಎಂದು ಸುಳ್ಳು ಬರೆಯಲಾರೆ.

ಗಾಯ ವಾಸಿಯಾಗಿ, ನನಗೆ ಇನ್ನೊಂದು ಕಡೆ ಬೆಳಗಿನ ಕೆಲಸ ಸಿಕ್ಕಿದ ಮೇಲೂ ಅನಘಾ ನೋವೆಂದು ಬಾಯಿ ಬಿಡುತ್ತಿರಲಿಲ್ಲ. ಬಿದ್ದರೆ ಎದ್ದು ಮಂಡಿ ಮುಚ್ಚಿಕೊಳ್ಳುತ್ತಿದ್ದಳು. ಮೊನ್ನೆ ನಾನು ಹೊರಡುವ ಹೊತ್ತಿಗೆ ದೋಸೆಯ ತಟ್ಟೆ ದೂಡಿ, "ಅಮ್ಮ, ಮೈ ಟೂತ್ ಹರ್ಟ್ಸ್. ಎ ಲಾಟ್" ಎಂದಳು.

ನಾನು ಬ್ಯಾಗನ್ನು ಅಲ್ಲೇ ಬಿಟ್ಟು ದೇವರ ಮುಂದೆ ಉದ್ದಕ್ಕೆ ಬಿದ್ದೆ. ತಾಯಿ, ನಿನ್ನನ್ನು ಬೈದ ಬಾಯಿಂದಲೇ ನಿನ್ನ ಹೆಸರು ಹೇಳುತ್ತೇನೆ, ಉಸಿರಿರುವ ತನಕ ಹೇಳುತ್ತೇನೆ ಎಂದೆ. ಹಿಂದಿನಿಂದ ಮಗಳು ರೇಗುತ್ತಿದ್ದಳು. "ಅಮ್ಮಾ! ಐ ಸೆಡ್ ಇಟ್ ಹರ್ಟ್ಸ್!"