ಚಿಲ್ವಾ ದಂಡೆಯ ಅಳಿಯ ಮೇಷ್ಟ್ರು

ಲೇಟನ್ ಮೇಷ್ಟ್ರ ಅಜ್ಜಿಯ ಹೆಸರು ನಹಿಪಾ. ಮೂಡಲ ಬೆಟ್ಟಗಳ ಆಚೆ ಬಿಳಿಯರು ಜನರನ್ನು ಹತ್ತಿ ಹೊಲದ ಬಿಟ್ಟಿ ದುಡಿಮೆಗೆ ಎಳೆದೊಯ್ಯುತ್ತಿದ್ದ ಕಾಲದಲ್ಲಿ, ಅವಳು ಉಟ್ಟ ಬಟ್ಟೆಯ ಚುಂಗಿಗೆ ಒಂದು ಹಿಡಿ ತೊಗರಿ ಬೀಜ ಕಟ್ಟಿಕೊಂಡು ಈ ಕಡೆಗೆ ನಡೆದು ಬಂದಳು. ಅವಳ ಅಣ್ಣ ಮುಹೆರಿವಾ ಕತ್ತಲಲ್ಲಿ ಹೊಳೆಯ ನಡುವೆ ಎದೆಮಟ್ಟದ ನೀರಲ್ಲಿ ನಿಂತು, ದಾಟುವ ಒಬ್ಬೊಬ್ಬರ ಹೆಸರನ್ನೂ ಕೂಗಿ, ಕೊನೆಯ ಕೂಸು ಓಗೊಡುವವರೆಗೆ ದಡ ಹತ್ತಲಿಲ್ಲವಂತೆ. ಮೇಷ್ಟ್ರ ತಾಯಿ ಮಲಿಟಾ ಜೌಗಿನ ಹುಲ್ಲು ಸುಟ್ಟು, ಆ ಬೂದಿಯಿಂದ ಉಪ್ಪು ಕಾಸಿ ಮಾರಿ, ಮಗನನ್ನು ಮಿಷನ್ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ ಓದಿಸಿದಳು. ನಮ್ಮಲ್ಲಿ ವಂಶದ ಬಳ್ಳಿ ಹಬ್ಬುವುದು ತಾಯಿಯ ಕಡೆಯಿಂದ. ಅಪ್ಪನೂ ಒಳ್ಳೆಯ ಮನುಷ್ಯನಾಗಿದ್ದನಂತೆ. ಅಷ್ಟು ಹೇಳಿದರೆ ಸಾಕು.

ನಮ್ಮೂರು ಮಕೊಂಬೆಗೆ ಅವರು ಮೇಷ್ಟ್ರಾಗಿ ಬಂದವರಲ್ಲ, ಅಳಿಯನಾಗಿ ಬಂದವರು. ಗಂಡಾದವನು ಗುದ್ದಲಿ ಹೊತ್ತು ಹೆಂಡತಿಯ ಊರಿಗೆ ಬಂದು, ಅತ್ತೆಯ ಹೊಲ ಅಗೆದು ಕೈಬಲ ತೋರಿಸಬೇಕು. ನನ್ನ ತಂಗಿ ಎಸ್ನಾತಿಯ ಹಿಂದೆ ಬಂದ ಈ ಸಣಕಲು ಮನುಷ್ಯ ಎಳೆದ ಸಾಲು ಹಾವು ಹರಿದ ಹಾಗಿತ್ತು. ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವಂತಿಲ್ಲವಲ್ಲ, ನನ್ನವ್ವ ಬದುವಿನ ಮೇಲೆ ಮೇಯುತ್ತಿದ್ದ ಮೇಕೆಗೆ ಹೇಳಿದಳು.

"ನೋಡೇ ತಾಯಿ, ನೀನು ಕಾಲಲ್ಲಿ ಕೆರೆದಿದ್ರೂ ಇದಕ್ಕಿಂತ ನೆಟ್ಟಗಿರ್ತಿತ್ತು."

ನಾನು ಹೇಳಿದೆ: "ಭಾವ, ಗುದ್ದಲಿ ಕೆಳಗಿಡು. ಗೆಣಸಿಗೆ ನಗು ತಡಿಯಕ್ಕಾಗ್ತಿಲ್ಲ."

"ನಗಲಿ ಬಿಡು ಭಾವ, ದಿನಾ ನಿನ್ನ ಮುಖ ನೋಡಿ ಅಳ್ತಿತ್ತಲ್ಲ," ಎಂದರು. ಅಂದಿನಿಂದ ನನಗೆ ಮನುಷ್ಯ ಹಿಡಿಸಿದ.

ಶಾಲೆ ಶುರುವಾದದ್ದು ಚಿಲ್ವಾ ಸರೋವರದ ದಂಡೆಯ ಕೆಸರಿನಲ್ಲಿ. ಬಲೆ ಹೆಣೆಯಲು ಕೂತಲ್ಲಿ ಜೊಂಡಿನ ಕಡ್ಡಿಯಿಂದ ಒದ್ದೆ ಮಣ್ಣಿನ ಮೇಲೆ ಒಂದು ಅಕ್ಷರ ಬರೆದರು. ಮಗುವೊಂದು ಪಕ್ಕದಲ್ಲಿ ಇನ್ನೊಂದು ಬರೆಯಿತು. ಸರ್ಕಾರದ ಶಾಲೆ ಜೌಗು ಸುತ್ತಿಕೊಂಡು ಹೋದರೆ ಅರ್ಧ ದಿನದ ದಾರಿ. ಮಳೆಗಾಲ ಬರುವ ಹೊತ್ತಿಗೆ ದಂಡೆಯಲ್ಲಿ ಅರವತ್ತು ಮಕ್ಕಳಿದ್ದರು. ಸಂಬಳ ಕೊಡುವವರಿಲ್ಲ, ಮೇಷ್ಟ್ರು ಕೇಳಿದವರೂ ಅಲ್ಲ. ಯಾರೋ ಒಣಮೀನು ತರುತ್ತಿದ್ದರು, ಯಾರೋ ಒಂದು ಬೊಗಸೆ ಅಕ್ಕಿ. ಏನೂ ಇಲ್ಲದವರು ಸಂಜೆ ಬಂದು ಸುಮ್ಮನೆ ಜೊತೆಗೆ ಕೂರುತ್ತಿದ್ದರು.

ನೀರು ಇದ್ದಲ್ಲಿಯೇ ಇರುವುದಿಲ್ಲ. ಬೇಸಗೆಯಲ್ಲಿ ಹಿಂದೆ ಸರಿಯುತ್ತದೆ, ಶಾಲೆಯೂ ಒದ್ದೆ ಮಣ್ಣು ಹುಡುಕಿಕೊಂಡು ಅದರ ಹಿಂದೆ ಹೋಗುತ್ತದೆ. ಒಂದು ವರ್ಷ ಚಿಲ್ವಾ ಪೂರ್ತಿ ಒಣಗಿತು. ಮಕ್ಕಳು ದಿನದಿನವೂ ದೂರ ನಡೆದರು, ಕೊನೆಗೆ ದಂಡೆಯಿಂದ ನೋಡಿದರೆ ಬಿಸಿಲಿನ ನಡುಕದಲ್ಲಿ ಇರುವೆ ಸಾಲಿನಷ್ಟೇ ಕಾಣುತ್ತಿದ್ದರು. ಮೊದಲು ಮೀನು ಓಡಾಡುತ್ತಿದ್ದ ನೆಲದ ಮೇಲೆ ಅವರ ಕೂಡುವ ಲೆಕ್ಕ, ಕಳೆಯುವ ಲೆಕ್ಕ ಮೈಲಿಗಟ್ಟಲೆ ಬಿದ್ದಿದ್ದವು. ಮತ್ತೆ ನೀರು ಬಂದಾಗ ಎಲ್ಲವೂ ಅದರಡಿ ಸೇರಿದವು. ಇವತ್ತಿಗೂ ದೋಣಿಯಲ್ಲಿ ಹೋಗುವಾಗ, ಕೆಳಗೆ ಯಾರೋ ಓದುತ್ತಿದ್ದಾರೆ ಎಂದು ನನಗೆ ಅನ್ನಿಸುವುದುಂಟು.

ಮೀನಿನ ಕಾಲ ಬಂದರೆ ಎಷ್ಟೋ ಸಂಸಾರಗಳು ತೇಲುವ ಹುಲ್ಲಿನ ಹಾಸಿನ ಮೇಲೆ ಜೊಂಡಿನ ಗುಡಿಸಲು ಕಟ್ಟಿಕೊಂಡು ಹೋಗುತ್ತವೆ. ತೆಂಕಣ ಗಾಳಿ ಎದ್ದರೆ ನಿನ್ನೆ ಕಂಡ ಗುಡಿಸಲು ಇವತ್ತು ಅಲ್ಲಿರುವುದಿಲ್ಲ. ಮೇಷ್ಟ್ರು ಬೆಳಗಿನ ಮಂಜಿನಲ್ಲಿ ಮರದ ದೋಣಿ ನೂಕಿಕೊಂಡು ಹೋಗಿ, ನಡುವೆ ಕೋಲು ಊರಿ ನಿಂತು, "ಎರಡೊಂದ್ಲ?" ಎಂದು ಕೂಗುವರು. ಬಿಳಿಯ ಮಂಜಿನೊಳಗೆ ಎಲ್ಲಿಂದಲೋ "ಎರಡು" ಎಂಬ ಎಳೆಯ ದನಿ. "ಎರಡೆರಡ್ಲ?" "ನಾಲ್ಕು!" ಆ ದನಿ ಹಿಡಿದೇ ದೋಣಿ ಮುಂದೆ ಸಾಗುವುದು. ಹತ್ತರ ಮಗ್ಗಿ ಮುಗಿಯುವುದರೊಳಗೆ ಗುಡಿಸಲು ಸಿಗದೆ ಹೋದ ದಿನವಿಲ್ಲ.

ನಾನು ಸೋಪಿನ ಕಾಗದ ನೋಡಿ ಅಕ್ಷರ ಕಲಿತವನು. ಅವರ ಪಾಠದಲ್ಲಿ ತಪ್ಪು ಹುಡುಕಲೆಂದೇ ದಂಡೆಯಲ್ಲಿ ಕೂರುತ್ತಿದ್ದೆ. ಹನ್ನೆರಡು ವರ್ಷದಲ್ಲಿ ಎರಡು ಸಿಕ್ಕಿದವು.

ಹದಿಮೂರನೆಯ ವರ್ಷ ಎಸ್ನಾತಿ ಮಳೆಜ್ವರದಲ್ಲಿ ಹೋದಳು. ಅವರಿಗೆ ಮಕ್ಕಳಿರಲಿಲ್ಲ. ಅವಳಿಗೆ ಹೊದಿಸಿದ ಬಿಳಿ ಬಟ್ಟೆಯಿಂದ ಹರಿದ ಪಟ್ಟಿಯನ್ನು ಮೇಷ್ಟ್ರ ಕೈಗೆ ಕಟ್ಟಿದೆವು. ತಂಗಿಯರ ಸಂಸಾರಕ್ಕೆಲ್ಲ ಅಣ್ಣನೇ ಯಜಮಾನ. ಆ ಪಟ್ಟಿ ಕತ್ತರಿಸಿ ಅಳಿಯನನ್ನು ಬಿಡುಗಡೆ ಮಾಡಬೇಕಾದವನು ನಾನು. ಬಿಡುಗಡೆಯಾದ ಅಳಿಯ ತನ್ನ ತಾಯಿಯ ಊರಿಗೆ ಹೋಗುತ್ತಾನೆ. ಹೋಗದೆ ಉಳಿದವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಟ್ಟಿ ಇರುವವರೆಗೆ ಮಾತ್ರ ಅವನು ಎಲ್ಲಿಗೂ ಹೋಗುವಂತಿಲ್ಲ, ಯಾವ ಹೊಸ ಬದುಕನ್ನೂ ಹಿಡಿಯುವಂತಿಲ್ಲ.

ನಾನು ದಿನ ತಳ್ಳಿದೆ. ಮೊದಲು, ಬಿಡುಗಡೆಯ ದಿನ ಹಂಚುವ ಬೀರು ಕಾಸಲು ಜೋಳ ಬಲಿತಿಲ್ಲ ಎಂದೆ. ಆಮೇಲೆ, ಸಾಕ್ಷಿಗೆ ಕೂರಬೇಕಾದ ದೊಡ್ಡಮ್ಮನ ಮಗ ಊರಲ್ಲಿಲ್ಲ ಎಂದೆ. ಅರವತ್ತು ಮಕ್ಕಳ ಮುಖ ನೋಡಿ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೇಷ್ಟ್ರು ಒಂದು ದಿನವೂ ಕೇಳಲಿಲ್ಲ. ಎಂದಿನಂತೆ ಬೆಳಿಗ್ಗೆ ಗಾಲಿಯ ಕಬ್ಬಿಣ ಬಡಿದು ಮಕ್ಕಳನ್ನು ಕರೆದರು, ಎಂದಿನಂತೆ ದೋಣಿ ನೂಕಿದರು. ಮಾತು ಕಡಿಮೆಯಾಯಿತು, ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತು.

ಒಂದು ಮುಂಜಾನೆ ದಂಡೆಗೆ ಹೋದೆ. ನೀರು ಯಾವುದು, ಆಕಾಶ ಯಾವುದು ಗೊತ್ತಾಗದ ಹೊತ್ತು. ಮಕ್ಕಳು ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಒಬ್ಬರೇ ಕೂತು ಮಣ್ಣಿನಲ್ಲಿ ಬರೆಯುತ್ತಿದ್ದರು. ತೆರೆ ಬಂದು ಅಳಿಸುವುದು, ಅವರು ಮತ್ತೆ ಬರೆಯುವುದು. ಹತ್ತಿರ ಹೋಗಿ ನೋಡಿದರೆ ನನ್ನ ತಂಗಿಯ ಹೆಸರು. ಅಂದೇ ಅವರ ತಂಗಿ ಎಲುಬೆಗೆ ಹೇಳಿಕಳಿಸಿದೆ: ಬನ್ನಿ, ಬಿಡುತ್ತೇನೆ.

ಎಲುಬೆ ಎತ್ತಿನ ಗಾಡಿ ಕಟ್ಟಿಸಿಕೊಂಡು, ಮಾತಾಡಲು ಸೋದರಮಾವನನ್ನು ಕರೆದುಕೊಂಡು ಬಂದಳು. ಅವರ ಪರವಾಗಿ ಆ ಮುದುಕ, ನಮ್ಮ ಪರವಾಗಿ ನಾನು. ಮೇಷ್ಟ್ರು ಪದ್ಧತಿಯಂತೆ ತಲೆ ಬೋಳಿಸಿಕೊಂಡು, ಗೋಡೆಗೆ ಒರಗಿ ಬಾಯಿ ಮುಚ್ಚಿ ಕೂತಿದ್ದರು.

ಮುದುಕ ಶುರುಮಾಡಿದ: "ನಮ್ಮ ಹುಂಜ ನಿಮ್ಮ ಅಂಗಳಕ್ಕೆ ಬಂದಿತ್ತು. ಹ್ಯಾಟೆ ಇಲ್ಲವಾಯ್ತು. ಹುಂಜಾನ ನಮಗೆ ಒಪ್ಪಿಸಿ."

ನಾನು ಕತ್ತರಿಯಿಂದ ಪಟ್ಟಿ ಕತ್ತರಿಸಿದೆ. "ಒಪ್ಪಿಸಿದ್ದೀವಿ. ಆದ್ರೆ ಆ ಹುಂಜ ಕೂಗಿದ್ರೇನೆ ಈ ಊರಿಗೆ ಬೆಳಗಾಗೋದು. ಸ್ವಲ್ಪ ಯೋಚನೆ ಮಾಡಿ."

"ನಿಮ್ಮೂರಿಗೆ ಬೆಳಗಾಗಲಿ ಅಂತ ನಮ್ಮಣ್ಣ ಇನ್ನೆಷ್ಟು ಸವೀಬೇಕು?" ಎಲುಬೆ ಒಳಗಿಂದಲೇ ಕೂಗಿದಳು. "ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಮುದ್ದೆ ತಿರುವಿ ಹಾಕೋರು ಯಾರು? ನಾನು ಮನೆಗೆ ಹೊಸ ಹುಲ್ಲು ಹೊದಿಸಿದ್ದೀನಿ. ಏಳಣ್ಣ, ಗಾಡಿ ಹತ್ತು."

"ನಾವು ಹಾಕ್ತೀವಿ ಮುದ್ದೆ," ಎಂದಳು ನನ್ನ ಹೆಂಡತಿ.

"ಹೌದೌದು, ಅವನ ಪಕ್ಕೆಲುಬು ಎಣಿಸಿದ್ರೆ ಗೊತ್ತಾಗ್ತೈತೆ, ಎಷ್ಟು ಹಾಕಿದ್ದೀರಿ ಅಂತ!"

ಬಿಸಿಲು ನೆತ್ತಿಗೆ ಬಂತು. ಹುಂಜ ಎಲ್ಲಿ ಮೇಯಬೇಕು, ಎಲ್ಲಿ ಮಲಗಬೇಕು ಎಂದು ನಾವು ಎರಡೂ ಕಡೆಯವರು ಜಗ್ಗಾಡಿದೆವು. ನಮ್ಮವರು ಮಾತ್ರ ಮಾಡಬಹುದಾದ ತಪ್ಪು ಇದು: ಇಷ್ಟು ಹೊತ್ತಿನಲ್ಲಿ ಒಬ್ಬರೂ ಅವರತ್ತ ತಿರುಗಿ ಕೇಳಿರಲಿಲ್ಲ.

ಮೇಷ್ಟ್ರು ಎದ್ದು ನಿಂತರು. "ಹುಂಜಕ್ಕೂ ಒಂದು ಬಾಯಿ ಇದೆ," ಎಂದರು.

ಸೋದರಮಾವ ಅಳಿಯ ಸಭೆಯಲ್ಲಿ ಬಾಯಿ ಬಿಟ್ಟದ್ದಕ್ಕೆ ನಾಚಿ, ಟೋಪಿ ತೆಗೆದು ಮುಖ ಮುಚ್ಚಿಕೊಂಡ.

"ಎಲುಬೆ, ಗಾಡಿ ತಿರುಗಿಸಮ್ಮ. ನಿನ್ನ ಮೇಲೆ ಕೋಪವಿಲ್ಲ. ಪಟ್ಟಿ ಇದ್ದಾಗ ಉಳಿದಿದ್ರೆ ಕಟ್ಟಿಹಾಕಿದ್ರು ಅಂತ ಆಗ್ತಿತ್ತು. ಈಗ ಕತ್ತರಿಸಾಯ್ತು, ಈಗ ಉಳೀತೀನಿ."

ಎಲುಬೆ ಅತ್ತಳು, ಬೈದಳು, ತಂದಿದ್ದ ತೊಗರಿಯ ಬುಟ್ಟಿಯನ್ನು ಅಲ್ಲೇ ಇಟ್ಟು ಗಾಡಿ ಹತ್ತಿದಳು. ಅಳಿಯನಲ್ಲದವನಿಗೆ ಈ ಊರಲ್ಲಿ ಅಂಗೈಯಗಲ ಜಾಗವಿಲ್ಲ. ಕೊಡಬೇಕಾದವಳು ಊರಿನ ಯಜಮಾನಿಕೆ ನಡೆಸುವ ಗೌಡತಿ. ಅವಳು ನನಗೆ ಚಿಕ್ಕಮ್ಮನ ಮಗಳು, ನನ್ನ ಮಾತು ತೆಗೆದುಹಾಕುವವಳಲ್ಲ. "ಬಾ ಭಾವ," ಎಂದೆ, "ನಾನು ಮುಂದೆ ನಿಂತು ಮಾತಾಡ್ತೀನಿ. ಮನೆ ಕಟ್ಟೋಕೆ, ಹೊಲ ಅಗೆಯೋಕೆ ಆಳುಗಳನ್ನೂ ನಾನೇ ಒದಗಿಸ್ತೀನಿ."

"ಬೇಡ ಭಾವ," ಎಂದರು ಮೇಷ್ಟ್ರು, ನನ್ನ ಹೆಗಲ ಮೇಲೆ ಕೈಯಿಟ್ಟು. "ಮದುವೆಯಲ್ಲಿ ನಮ್ಮ ಸೋದರಮಾವ ಮಾತಾಡಿದ್ರು, ಸಾವಿನಲ್ಲಿ ನೀನು ಮಾತಾಡ್ದೆ. ಈಗ ನಾನು ಯಾರ ಅಳಿಯನೂ ಅಲ್ಲ. ಗೌಡತಿ ಮುಂದೆ ನಾನೇ ನೆಲದ ಮೇಲೆ ಕೂತು ಕೇಳ್ತೀನಿ. ಆಕೆ ಇಲ್ಲ ಅಂದ್ರೆ, ಆ 'ಇಲ್ಲ'ವೂ ನನಗೇ ಹೇಳಿದ್ದಾಗಿರ್ಲಿ. ನೀನು ಬರಬೇಡ. ಹಿಂದಿನಿಂದ ಕೆಮ್ಮುತ್ತಾನೂ ಬರಬೇಡ."