ನೆಲಮಾಳಿಗೆಯ ಹುಳಿ

ಕೊರೊನಾ ಹಾವಳಿ ತಗ್ಗಿದ ಮರುವರ್ಷ ನಾನು ನಿವೃತ್ತಳಾಗಿ ಕಾರ್ಕಳಕ್ಕೆ ಬಂದೆ. ಅಲ್ಲಿಯವರೆಗೆ ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿ ರುಚಿ ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಕುಡಿಯುವುದು ನನ್ನ ಕೆಲಸವಾಗಿರಲಿಲ್ಲ. ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಅದರಲ್ಲಿ ಏನಿದೆ, ಏನಿರಬಾರದಿತ್ತು ಎಂದು ಹೇಳುವುದು ಕೆಲಸ. ಸಂಬಂಧಿಕರ ಬಳಿ ಮಾತ್ರ ಕೊನೆಯವರೆಗೂ 'ಫುಡ್ ಫ್ಯಾಕ್ಟರಿ' ಎಂದೇ ಹೇಳಿಕೊಂಡು ಬಂದೆ.

ಆ ವರ್ಷ ಮಳೆ ನಿಂತ ಮೇಲೆ ಮಣಿಪಾಲದಿಂದ ಸದಾನಂದ ಎಂಬವರು ಫೋನ್ ಮಾಡಿದರು. ಅವರದೊಂದು ಬ್ರೂಪಬ್, ಅಂದರೆ ತಾನೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಹೋಟೆಲು. ಅವರ ಆಂಬರ್ ಏಲ್ ಎಂಬ ಕೆಂಬಣ್ಣದ ಬಿಯರಿಗೆ ಒಳ್ಳೆಯ ಹೆಸರಿತ್ತು. ಆದರೆ ಅದನ್ನು ತಯಾರಿಸುವ ರೋಶನ್ ಇತ್ತೀಚೆಗೆ, ಬಿಯರ್ ಹುಳಿಯಾಗಿದೆ ಎಂದು ಎರಡು ಸಲ ಟ್ಯಾಂಕುಗಟ್ಟಲೆ ಚರಂಡಿಗೆ ಬಿಟ್ಟಿದ್ದನಂತೆ.

"ನನಗೆ ಎಂತ ಹುಳಿಯೂ ಕಾಣಲಿಲ್ಲ ಮೇಡಂ," ಎಂದರು ಸದಾನಂದರು. "ಕೆಳಗೆ ಯಾರೋ ಇದ್ದಾರೆ ಅಂತ ಬೇರೆ ಹೇಳುತ್ತಾನೆ. ಕೆಲಸದವರಿಬ್ಬರು ಹೆದರಿ ಬಿಟ್ಟು ಹೋದರು. ಕೆಟ್ಟದ್ದು ಬಿಯರೋ, ಹುಡುಗನ ತಲೆಯೋ, ನೀವೊಮ್ಮೆ ಹೇಳಬೇಕು."

ನನ್ನ ತೀರ್ಪಿನ ಮೇಲೆ ಒಬ್ಬನ ಕೆಲಸ ನಿಂತಿದೆ ಎಂದು ಆಗಲೇ ಅರ್ಥವಾಯಿತು.

ರುಚಿ ನೋಡುವುದಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು; ನಾಲಿಗೆ ಶುಭ್ರವಾಗಿರುತ್ತದೆ. ನಾನು ಹೋದಾಗ ಪಬ್ಬಿನ ಕುರ್ಚಿಗಳೆಲ್ಲ ಇನ್ನೂ ಮೇಜಿನ ಮೇಲೆ ಮಗುಚಿದ್ದವು. ರೋಶನ್ ಕಾಪುವಿನವನು, ಮೂವತ್ತು ದಾಟಿರಲಿಲ್ಲ. ಕಣ್ಣಿನ ಸುತ್ತ ಕಪ್ಪಾಗಿತ್ತು. ಮಾತು ಮಾತ್ರ ಸ್ಪಷ್ಟವಾಗಿತ್ತು.

ಕಿಟಕಿಯ ಬೆಳಕಿಗೆ ಗ್ಲಾಸು ಹಿಡಿದೆ. ತಿಕ್ಕಿ ತೊಳೆದ ತಾಮ್ರದ ಬಣ್ಣ, ಮೇಲೆ ಕೆನೆಯಂಥ ನೊರೆ. ಮೊದಲು ಸುಟ್ಟ ಸಕ್ಕರೆಯ ವಾಸನೆ, ಅದರ ಹಿಂದೆ ಹುರಿದ ಬ್ರೆಡ್ಡು, ಕೊನೆಗೆ ಕಿತ್ತಳೆ ಸಿಪ್ಪೆಯ ಸಣ್ಣ ಕಹಿ. ಹುಳಿ ಎಲ್ಲಿಯೂ ಇರಲಿಲ್ಲ. ನನ್ನ ವೃತ್ತಿಯಲ್ಲಿ ಅಷ್ಟು ಹದವಾದ ಆಂಬರ್ ಏಲ್ ಕಂಡದ್ದು ಕಡಿಮೆ. ಹಾಗೆಯೇ ಹೇಳಿದೆ.

ಸದಾನಂದರು ರೋಶನ್‌ನ ಮುಖ ನೋಡಲಿಲ್ಲ.

"ಇಲ್ಲಿ ಹಾಗೆಯೇ ಮೇಡಂ," ಎಂದ ರೋಶನ್. "ಕೆಳಗೆ ಬಂದು ಕುಡಿದು ನೋಡಿ. ಅದೇ ಬಿಯರ್."

ಬೇರೆಯವರಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದರೇನೋ. ಆದರೆ ಇಂಥ ಬಿಯರ್ ಮಾಡಬಲ್ಲವನ ನಾಲಿಗೆ ಸುಳ್ಳು ಹೇಳುತ್ತದೆ ಎಂದು ನಂಬಲು ನನ್ನಿಂದಾಗಲಿಲ್ಲ. ಅದೇ ಗ್ಲಾಸನ್ನೂ ಮನೆಯಿಂದ ತಂದ ನೀರಿನ ಬಾಟಲಿಯನ್ನೂ ಹಿಡಿದು ಅವನ ಹಿಂದೆ ಇಳಿದೆ.

ಗುಡ್ಡದ ಇಳಿಜಾರಿನಲ್ಲಿ ಕೆಂಪು ಮುರಕಲ್ಲು ಕಡಿದು ಮಾಡಿದ ನೆಲಮಾಳಿಗೆ ಅದು. ಹಿಂಬದಿಯಲ್ಲಿ ಗುಡ್ಡದ ಕೆಳಮಟ್ಟಕ್ಕೆ ತೆರೆಯುವ ಒಂದು ಶಟರ್ ಇತ್ತು, ಮುಚ್ಚಿತ್ತು. ಸಾಲಾಗಿ ನಿಂತ ಸ್ಟೀಲ್ ಟ್ಯಾಂಕುಗಳಲ್ಲಿ ಬಿಯರ್ ಹುದುಗುತ್ತಿತ್ತು. ದೀಪಗಳೆಲ್ಲ ಉರಿಯುತ್ತಿದ್ದರೂ ಕೊನೆಯ ಟ್ಯಾಂಕಿನ ಆಚೆಗಿನ ಜಾಗವನ್ನು ನೋಡಲು ಯಾಕೋ ಮನಸ್ಸಾಗಲಿಲ್ಲ. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಯಾರೋ ನನ್ನ ಬೆನ್ನ ಹಿಂದೆಯೇ ಮೆಟ್ಟಿಲಿಳಿದು ಬಂದು ನಿಂತಂತಾಗಿ ಥಟ್ಟನೆ ತಿರುಗಿದೆ. ಯಾರೂ ಇರಲಿಲ್ಲ.

"ನೀವೂ ತಿರುಗಿ ನೋಡಿದಿರಿ, ಅಲ್ವಾ?" ಎಂದ ರೋಶನ್. "ಎಲ್ಲರೂ ನೋಡುತ್ತಾರೆ. ಅವನು ಕೊನೆಯ ಟ್ಯಾಂಕಿನ ಹಿಂದೆ ಇರುವುದು. ಮಾತಾಡುವುದಿಲ್ಲ. ಉಸಿರಾಡುವುದು ಕೇಳುತ್ತದೆ, ಓಡಿ ಬಂದವರ ಹಾಗೆ. ಕೆಲಸದವರು ಅಲ್ಲಿ ನೆಲದ ಮೇಲೆ ದೀಪ ಇಟ್ಟು ನೋಡಿದರು. ಗಾಳಿಯೇ ಇಲ್ಲದ ಜಾಗ. ಆದರೂ ನಂದಿಹೋಗುತ್ತದೆ."

ನಾನು ಗ್ಲಾಸು ತುಟಿಗಿಟ್ಟೆ. ಬಿಯರ್ ಹುಳಿಯಾಗಿತ್ತು.

ಮೇಲೆ ಕುಡಿದ ಅದೇ ಗ್ಲಾಸು, ಅದೇ ಬಿಯರ್. ಇನ್ನೊಂದು ಗುಟುಕಿಗೂ ಅದೇ ಹುಳಿ. ಅಷ್ಟು ವರ್ಷ ನಂಬಿದ ನಾಲಿಗೆ ಕೈಕೊಟ್ಟಿತೇ ಎಂದು ಬೆವರಿದೆ. ಬಾಯಿ ತೊಳೆದುಕೊಳ್ಳಲು ಬಾಟಲಿ ಎತ್ತಿದೆ. ನಮ್ಮ ಮನೆಯ ಬಾವಿಯ ನೀರು ಅದು. ಅದೂ ಸೋಡಾದ ಹಾಗೆ ನಾಲಿಗೆ ಚುಚ್ಚಿತು.

ಆಗ ಹೊಳೆಯಿತು. ಹುಳಿ ಗ್ಲಾಸಿನಲ್ಲಿರಲಿಲ್ಲ, ಗಾಳಿಯಲ್ಲಿತ್ತು. ಬಿಯರ್ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಣ್ಣವಿಲ್ಲದ, ಗಾಳಿಗಿಂತ ಭಾರವಾದ ಅನಿಲ. ತಗ್ಗಿನಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ, ದೀಪವನ್ನು ನಂದಿಸುತ್ತದೆ. ಒದ್ದೆ ನಾಲಿಗೆಗೆ ತಾಗಿದರೆ ಹುಳಿ. ಇನ್ನೂ ಹೆಚ್ಚಾದರೆ ಏದುಸಿರು, ಕಾರಣವಿಲ್ಲದ ಭಯ, ಆಮೇಲೆ ನಿದ್ದೆ.

"ರೋಶನ್, ಮೇಲೆ ಹೋಗೋಣ, ಈಗಲೇ," ಎಂದೆ.

ಉತ್ತರ ಬರಲಿಲ್ಲ. ಅವನು ಮಾತಾಡುತ್ತಲೇ ಕೊನೆಯ ಟ್ಯಾಂಕಿನ ಹತ್ತಿರ ಹೋಗಿ, ಕೆಳಗಿನ ವಾಲ್ವ್ ನೋಡಲು ಬಗ್ಗಿದ್ದ. ಈಗ ನೆಲದ ಮೇಲೆ ಕುಳಿತಿದ್ದ. ಶಟರಿಗೆ ಒರಗಿ, ಎದುರಿನ ಖಾಲಿ ಜಾಗವನ್ನು ನೋಡುತ್ತಾ, ಗುರುತಿನವರು ಕಂಡಂತೆ ಮುಗುಳ್ನಗುತ್ತಿದ್ದ.

"ಎದ್ದು ಬಾ ಮಾರಾಯ," ಎಂದು ಕೂಗಿದೆ. ಅವನ ತಲೆ ಮೆಲ್ಲನೆ ಒಂದು ಬದಿಗೆ ವಾಲಿತು.

ಹತ್ತು ಹೆಜ್ಜೆ ಹೋದರೆ ಅವನ ಕೈ ಸಿಗುತ್ತಿತ್ತು. ಇಂಥ ಕಡೆ ಕಾಪಾಡಲು ಒಳಗೆ ಹೋದವರೂ ಪಕ್ಕದಲ್ಲೇ ಬೀಳುತ್ತಾರೆ ಎಂದು ಕಾರ್ಖಾನೆಯಲ್ಲಿ ಎಷ್ಟೋ ಜನರಿಗೆ ನಾನೇ ಪಾಠ ಹೇಳಿದ್ದೆ. ಅವನಿಗೆ ಬೆನ್ನು ಹಾಕಿ ಮೆಟ್ಟಿಲು ಹತ್ತಿದ್ದು ನನ್ನ ವೃತ್ತಿಯಲ್ಲೇ ಅತಿ ಕಷ್ಟದ ಕೆಲಸ. ಸದಾನಂದರು ಕೆಳಗೆ ನುಗ್ಗಲು ಬಂದರು. ಎರಡೂ ಕೈಯಿಂದ ಅವರ ತೋಳು ಹಿಡಿದುಕೊಂಡೆ.

"ಇಲ್ಲಿಂದ ಬೇಡ. ಹಿಂದಿನಿಂದ ಹೋಗಿ ಶಟರ್ ಎತ್ತಿ. ಒಳಗೆ ಕಾಲಿಡಬೇಡಿ."

ಅವರೂ, ಕೂಗು ಕೇಳಿ ಬಂದ ಪಬ್ಬಿನ ಅಡುಗೆಯವನೂ ಹೊರಗೆ ಓಡಿದರು. ನಾನು ಮೆಟ್ಟಿಲಿನ ತುದಿಯಲ್ಲಿ ನಿಂತೆ. ಕೆಳಗಿನಿಂದ ಉಸಿರಾಟ ಕೇಳುತ್ತಿತ್ತು. ರೋಶನ್ ಹೇಳಿದ್ದ ಹಾಗೆಯೇ, ಓಡಿ ಬಂದವರ ಉಸಿರು. ಅದು ಅವನದೇ ಎಂದು ಗೊತ್ತಿದ್ದೂ ಮೈ ಜುಮ್ಮೆಂದಿತು. ಅದು ನಿಲ್ಲದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಶಟರ್ ಕರ್ಕಶವಾಗಿ ಮೇಲೆದ್ದಿತು. ಒರಗಿದ್ದ ರೋಶನ್ ಹೊರಕ್ಕೆ ಕುಸಿದ. ಅವರು ಹೊರಗಿನಿಂದಲೇ ಅವನನ್ನು ಬಯಲಿಗೆ ಎಳೆದುಕೊಂಡರು. ಆಸ್ಪತ್ರೆ ಹತ್ತಿರವಿದ್ದದ್ದು ಅವನ ಪುಣ್ಯ.

ಆಮೇಲೆ ಕಾರಣ ತಿಳಿಯಿತು. ಟ್ಯಾಂಕುಗಳ ಅನಿಲವನ್ನು ಹೊರಗೆ ಒಯ್ಯುವ ಪೈಪಿನ ಬಾಯಿಗೆ, ಪಕ್ಕದಲ್ಲಿ ಕಟ್ಟಡ ಕಟ್ಟುವವರು ಕೆಮ್ಮಣ್ಣು ಸುರಿದಿದ್ದರು. ಅನಿಲ ಕೋಣೆಗೇ ಸೋರುತ್ತಿತ್ತು. ಎಚ್ಚರಿಸುವ ಯಂತ್ರವೂ ಇತ್ತು, ಆದರೆ ಚಾವಣಿಯ ಹತ್ತಿರ. ಭಾರದ ಅನಿಲ ಅಷ್ಟು ಮೇಲೆ ಏರುವುದೇ ಇಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ರೋಶನ್‌ನ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಸದಾನಂದರು ಕುಳಿತಿದ್ದರು. ಬೆಳಗಿನಿಂದ ಅವರು ಅಲ್ಲಿಂದ ಎದ್ದಿಲ್ಲ ಎಂದು ನರ್ಸ್ ಹೇಳಿದಳು. ನಾನು ಎಲ್ಲವನ್ನೂ ವಿವರಿಸಿದೆ: ಹುಳಿ, ದೀಪ, ಉಸಿರು. ರೋಶನ್ ತಾಳ್ಮೆಯಿಂದ ಕೇಳಿದ.

"ಉಸಿರು ನನ್ನದೇ, ಒಪ್ಪಿದೆ," ಎಂದ. "ಆದರೆ ಕೊನೆಗೆ ಅವನು ನನ್ನೆದುರು ಬಂದು ಕೂತ ಮೇಡಂ. ಅಂಗಿಯ ಗುಂಡಿ ಕೂಡ ನೆನಪುಂಟು. ಹೆದರಿಕೆಯೇ ಆಗಲಿಲ್ಲ. ಅವನ ಜೊತೆ ಹೋಗುವ ಅನಿಸಿತು."

ಅದಕ್ಕೆ ನನ್ನ ವಿಜ್ಞಾನದಲ್ಲಿ ಉತ್ತರ ಉಂಟು. ಮಿದುಳಿಗೆ ಆಮ್ಲಜನಕ ಕಡಿಮೆಯಾದರೆ ಕಣ್ಣು ಏನನ್ನು ಬೇಕಾದರೂ ಕಾಣಬಹುದು. ಆದರೂ ಆ ಹಾಸಿಗೆಯ ಬಳಿ ಅದನ್ನು ಹೇಳಲು ಬಾಯಿ ಬರಲಿಲ್ಲ. ಸದಾನಂದರು ಮಾತ್ರ ಅವನ ಹೊದಿಕೆಯನ್ನು ಸರಿಪಡಿಸುತ್ತಾ, "ಇನ್ನು ಒಬ್ಬನೇ ಇಳಿಯುವುದು ಬೇಡ," ಎಂದರು.

ರುಚಿ ನೋಡುವವರು ನಾವು ನಾಲಿಗೆಯನ್ನು ನಂಬುತ್ತೇವೆ, ಭಯವನ್ನು ನಂಬುವುದಿಲ್ಲ. ಆ ದಿನ ನನ್ನ ಮೈಗೆ ಅಪಾಯ ಗೊತ್ತಾದದ್ದು ನಾಲಿಗೆಗಿಂತ ಮೊದಲೇ. ಈಗ ಯಾರಾದರೂ ಒಂದು ಕೋಣೆಯಲ್ಲಿ ಏನೋ ಇದೆ ಎಂದರೆ ನಾನು ನಗುವುದಿಲ್ಲ, ವಾದಿಸುವುದೂ ಇಲ್ಲ. ಮೊದಲು ಅವರನ್ನು ಹೊರಗೆ ಕರೆಯುತ್ತೇನೆ. ಏನಿತ್ತು ಎಂಬ ಮಾತು ಆಮೇಲೆ, ಬಯಲಿನಲ್ಲಿ ನಿಂತು.